ಮುಂದಕ್ಕೆ ಜಿಗಿಯಬೇಕೆ, ಇದ್ದಲ್ಲೇ ಕೂರಬೇಕೆ? ಎನ್‌ಎಫ್‌ಎಲ್ ಡ್ರಾಫ್ಟ್‌ನ ‘ಟ್ರೇಡ್ ಅಪ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕನ್ ಫುಟ್‌ಬಾಲ್ (ಎನ್‌ಎಫ್‌ಎಲ್ ಅದರ ವೃತ್ತಿಪರ ಲೀಗ್) ಬಗ್ಗೆ ನನಗೆ ಅತಿ ಹೆಚ್ಚು ಪ್ರಶ್ನೆ ಬರುವುದು ಪಂದ್ಯಗಳ ಕಾಲದಲ್ಲಲ್ಲ, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವ ಏಪ್ರಿಲ್‌ನಲ್ಲಿ. ನ್ಯೂಜೆರ್ಸಿ, ಡಲ್ಲಾಸ್ ಕಡೆಯ ಕನ್ನಡಿಗರು ‘ನಮ್ಮ ತಂಡ ಒಬ್ಬ ಹುಡುಗನಿಗೋಸ್ಕರ ಎರಡು ವರ್ಷ ಒತ್ತೆ ಇಟ್ಟುಬಿಟ್ಟಿತು’ ಎಂದು ಗೋಳಾಡುತ್ತಾರೆ. ಬೆಂಗಳೂರಿನ ಹುಡುಗರು ‘ಇದೇನು ವ್ಯವಹಾರ ಸ್ವಲ್ಪ ಬಿಡಿಸಿ ಹೇಳಿ’ ಅನ್ನುತ್ತಾರೆ. ಕೇಳಿದ್ದನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸುಲಭದ್ದರಿಂದ ಶುರುಮಾಡಿ ಜೋಡಿಸಿದ್ದೇನೆ. ನನ್ನ ಪಕ್ಷಪಾತ ಏನೆಂದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

## ಮೊದಲು ತಿಳಿದಿರಬೇಕಾದ್ದು

ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜಿನ ಥರಾನೇನಾ?

ಅಲ್ಲ. ಹರಾಜಿನಲ್ಲಿ ದುಡ್ಡಿದ್ದವನು ಕೂಗುತ್ತಾನೆ. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಲಖನೌ ತಂಡ ರಿಷಭ್ ಪಂತ್‌ಗೆ 27 ಕೋಟಿ ರೂಪಾಯಿ ಕೂಗಿತು. ಅದಕ್ಕೂ ಮುಂಚಿನ ಕೂಗಿನಲ್ಲಿ ಮಿಕ್ಕ ತಂಡಗಳೂ ಬೇಕಿದ್ದರೆ ಪೈಪೋಟಿ ಮಾಡಬಹುದಿತ್ತು. ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಕೂಗು ಇಲ್ಲ, ಸರದಿ ಇದೆ. 32 ತಂಡ, 7 ಸುತ್ತು. ಹಿಂದಿನ ವರ್ಷ ತೀರಾ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಕಾಲೇಜು ತಂಡಗಳಲ್ಲಿ ಆಡಿ ಬಂದ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತಾರೆ. ಎಷ್ಟನೆಯವನಾಗಿ ಆಯ್ಕೆಯಾದೆ ಎನ್ನುವುದರ ಮೇಲೆ ಸಂಬಳ ಹೆಚ್ಚುಕಡಿಮೆ ಮೊದಲೇ ನಿಗದಿಯಾಗಿರುತ್ತದೆ. ಹಾಗಾಗಿ ಇಲ್ಲಿ ದುಡ್ಡಿನ ಬದಲು ಓಡಾಡುವುದು ಸರದಿಯೇ. ಒಂದು ಸರದಿಗೆ ‘ಪಿಕ್’ ಅನ್ನುತ್ತಾರೆ, ಅದನ್ನು ಮಾರಬಹುದು, ಕೊಳ್ಳಬಹುದು.

ಹಾಗಾದ್ರೆ ಟ್ರೇಡ್ ಅಪ್ ಅಂದ್ರೆ ನಿಜವಾಗಿ ಏನ್ ಮಾಡ್ತಾರೆ?

ಹಿಂದಿನ ಸರದಿಯವರು ಮುಂದಿನವರಿಗೆ ‘ನಿಮ್ಮ ಜಾಗ ನಮಗೆ ಕೊಡಿ, ನಮ್ಮ ಜಾಗದ ಜೊತೆ ಇನ್ನೊಂದಿಷ್ಟು ಪಿಕ್ ಇಟ್ಟುಕೊಳ್ಳಿ’ ಅನ್ನುತ್ತಾರೆ. 2017ರಲ್ಲಿ ಕಾನ್ಸಸ್ ಸಿಟಿ ಚೀಫ್ಸ್ 27ನೇ ಜಾಗದಲ್ಲಿತ್ತು, ಬಫಲೋ ಬಿಲ್ಸ್ 10ನೇ ಜಾಗದಲ್ಲಿ. ಚೀಫ್ಸ್ ತನ್ನ 27ನೇ ಪಿಕ್, ಅದೇ ವರ್ಷದ ಮೂರನೇ ಸುತ್ತಿನ 91ನೇ ಪಿಕ್, ಮತ್ತು 2018ರ ಮೊದಲ ಸುತ್ತಿನ ಪಿಕ್ ಕೊಟ್ಟು 10ನೇ ಜಾಗಕ್ಕೆ ಬಂತು. ಅಲ್ಲಿ ಆರಿಸಿಕೊಂಡದ್ದು ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಪಿಕ್ ಜೊತೆಗೆ ಆಟಗಾರರನ್ನೂ ಕೊಡುವುದುಂಟು.

ಎಲ್ಲರೂ ಕ್ವಾರ್ಟರ್‌ಬ್ಯಾಕ್ ಹಿಂದೇನೇ ಯಾಕೆ ಬೀಳ್ತಾರೆ?

ಚೆಂಡು ಎಸೆಯುವವನು ಅವನು. ದಾಳಿಯ ಪ್ರತಿ ಆಟವೂ ಅವನ ಕೈ ಮುಟ್ಟಿ ಹೋಗುತ್ತದೆ, ಹಾಗಾಗಿ ಬೇರೆ ಯಾವ ಒಬ್ಬ ಆಟಗಾರನಿಗೂ ಫಲಿತಾಂಶದ ಮೇಲೆ ಅಷ್ಟು ಹಿಡಿತ ಇಲ್ಲ.

ಅದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. 2010ರಲ್ಲಿ ಮೊದಲ ಪಿಕ್ ಆಗಿ ಬಂದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಸೇಂಟ್ ಲೂಯಿಸ್ ರ‍್ಯಾಮ್ಸ್ ಖಾತರಿ ಹಣವಾಗಿಯೇ 5 ಕೋಟಿ ಡಾಲರ್ ಕೊಟ್ಟಿತು. ಮರುವರ್ಷ ಆಟಗಾರರ ಸಂಘದ ಜೊತೆ ಹೊಸ ಒಪ್ಪಂದ ಬಂತು, ಹೊಸಬರ ಸಂಬಳಕ್ಕೆ ಕಡಿವಾಣ ಬಿತ್ತು. 2011ರ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು ಸಿಕ್ಕಿದ್ದು ಸುಮಾರು 2.2 ಕೋಟಿ ಡಾಲರ್. ಈಗ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್‌ನಂಥ ಅನುಭವಿಗೆ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್ ಬಿದ್ದರೆ, 2023ರ ಮೊದಲ ಪಿಕ್ ಬ್ರೈಸ್ ಯಂಗ್‌ಗೆ ನಾಲ್ಕು ವರ್ಷಕ್ಕೆ ಸೇರಿ ಸುಮಾರು 3.8 ಕೋಟಿ. 2025ರಲ್ಲಿ ಒಂದು ತಂಡ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ ಸುಮಾರು 28 ಕೋಟಿ ಡಾಲರ್ ಇತ್ತು. ಚೆನ್ನಾಗಿ ಆಡುವ ಹೊಸ ಕ್ವಾರ್ಟರ್‌ಬ್ಯಾಕ್ ಸಿಕ್ಕಿದರೆ ಉಳಿಯುವ ಹಣದಲ್ಲಿ ಇನ್ನೂ ನಾಲ್ಕು ಒಳ್ಳೆಯ ಆಟಗಾರರನ್ನು ತರಬಹುದು. 2011ರ ನಂತರ ಈ ಜಿಗಿತಗಳ ಹುಚ್ಚು ಏರಿದ್ದಕ್ಕೆ ಇದು ದೊಡ್ಡ ಕಾರಣ.

ಇಂಡಿಯಾದಲ್ಲಿ ಲೈವ್ ನೋಡೋಕೆ ಎಷ್ಟೊತ್ತಿಗೆ ಏಳಬೇಕು?

ಮೊದಲ ಸುತ್ತು ಶುರುವಾಗುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಗುರುವಾರ ರಾತ್ರಿ 8ಕ್ಕೆ, ಅಂದರೆ ನಮಗೆ ಶುಕ್ರವಾರ ಬೆಳಗಿನ 5.30. ದೊಡ್ಡ ಜಿಗಿತಗಳು ಸಾಮಾನ್ಯವಾಗಿ ಮೊದಲ ಹದಿನೈದು ಪಿಕ್ ಒಳಗೆ ಆಗುತ್ತವೆ. ಕಾಫಿ ಮುಗಿಸಿ ಕೆಲಸಕ್ಕೆ ಹೊರಡುವಷ್ಟರಲ್ಲಿ ಮುಖ್ಯವಾದದ್ದು ನೋಡಿ ಆಗಿರುತ್ತದೆ.

## ಬೆಲೆ, ಚೌಕಾಸಿ

ಯಾವ ಪಿಕ್‌ಗೆ ಎಷ್ಟು ಬೆಲೆ ಅಂತ ಯಾರು ತೀರ್ಮಾನ ಮಾಡ್ತಾರೆ?

ಲೀಗ್ ಅಲ್ಲ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಕೈಯಲ್ಲಿ ಒಂದು ಹಾಳೆ ಇತ್ತು. ಹಳೆಯ ವ್ಯವಹಾರಗಳನ್ನೆಲ್ಲ ನೋಡಿ, ಮಾಲೀಕ ಜೆರ್ರಿ ಜೋನ್ಸ್‌ನ ಪಾಲುದಾರ ಮೈಕ್ ಮೆಕಾಯ್ ಪ್ರತಿ ಪಿಕ್‌ಗೂ ಒಂದು ಅಂಕ ಕೊಟ್ಟಿದ್ದ. 1ನೇ ಪಿಕ್‌ಗೆ 3000, 2ನೆಯದಕ್ಕೆ 2600, 3ನೆಯದಕ್ಕೆ 2200, 10ನೆಯದಕ್ಕೆ 1300, 16ನೆಯದಕ್ಕೆ 1000, 32ನೆಯದಕ್ಕೆ 590. ಡಲ್ಲಾಸ್‌ನಿಂದ ಕೋಚ್‌ಗಳು ಬೇರೆ ತಂಡಗಳಿಗೆ ಹೋದಂತೆ ಹಾಳೆಯೂ ಊರೂರಿಗೆ ಹೋಯಿತು.

ಚೀಫ್ಸ್ ವ್ಯವಹಾರಕ್ಕೆ ಇದನ್ನು ಹಚ್ಚಿ ನೋಡಿ. 10ನೇ ಪಿಕ್‌ಗೆ 1300. ಕೊಟ್ಟದ್ದು: 27ನೆಯದಕ್ಕೆ 680, 91ನೆಯದಕ್ಕೆ 136, ಕೂಡಿದರೆ 816. ಕೊರತೆ 484. ಅದನ್ನು ತುಂಬಿದ್ದು ಮರುವರ್ಷದ ಮೊದಲ ಸುತ್ತು. ಹಾಳೆಯಲ್ಲಿ 480ರ ಆಸುಪಾಸಿನ ಅಂಕ ಇರುವುದು ಎರಡನೇ ಸುತ್ತಿನ 42ನೇ ಪಿಕ್‌ಗೆ. ಅಂದರೆ ಮುಂದಿನ ವರ್ಷದ ಮೊದಲ ಸುತ್ತನ್ನು ಈ ವರ್ಷದ ಎರಡನೇ ಸುತ್ತಿನ ಬೆಲೆಗೆ ಲೆಕ್ಕ ಹಾಕಿದ್ದಾರೆ. ಇದು ಈ ಬಜಾರಿನ ವಾಡಿಕೆ.

ಈ ಹಾಳೆ ಅಳೆಯುವುದು ಬಜಾರು ದರವನ್ನು, ಆಟಗಾರರ ನಿಜವಾದ ಯೋಗ್ಯತೆಯನ್ನಲ್ಲ. ಆಮೇಲೆ ಆಟಗಾರರ ಸಾಧನೆ, ಎರಡನೇ ಒಪ್ಪಂದದ ಹಣ ಇವುಗಳನ್ನು ಆಧರಿಸಿ ಬೇರೆಯವರು ಮಾಡಿದ ಪಟ್ಟಿಗಳಲ್ಲಿ ಮೇಲಿನ ಪಿಕ್‌ಗಳ ಅಂಕ ಇಷ್ಟು ಕಡಿದಾಗಿ ಇಳಿಯುವುದಿಲ್ಲ. ಆ ಪಟ್ಟಿಗಳ ಪ್ರಕಾರ ಜಿಗಿಯುವವರು ಹೆಚ್ಚುಕಡಿಮೆ ಯಾವಾಗಲೂ ಜಾಸ್ತಿ ಕೊಡುತ್ತಿದ್ದಾರೆ.

ಮುಂದಿನ ವರ್ಷದ ಪಿಕ್ ಕೊಟ್ರೆ ಏನ್ ಮಹಾ ನಷ್ಟ? ಅದು ಆಮೇಲಿನ ಮಾತಲ್ವಾ?

ಇಡೀ ವಿಷಯದ ಗಂಟು ಇಲ್ಲೇ ಇರುವುದು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮುಂದಿನ ವರ್ಷದ ನಿಮ್ಮ ಮೊದಲ ಸುತ್ತಿನ ಪಿಕ್ ಎಷ್ಟನೆಯದು ಎಂದು ಕೊಡುವ ದಿನ ಯಾರಿಗೂ ಗೊತ್ತಿರುವುದಿಲ್ಲ. ನೀವು ಗೆದ್ದರೆ ಅದು 28ನೆಯದು, ಸೋತರೆ 3ನೆಯದು. ಅಂದರೆ ಹುಡುಗ ಕೈಕೊಟ್ಟರೆ ನೀವು ಕೊಟ್ಟ ಬೆಲೆಯೂ ತಾನಾಗಿಯೇ ಏರುತ್ತದೆ. ಒಂದೇ ತಪ್ಪಿಗೆ ಎರಡು ಸಲ ದಂಡ.

2023ರಲ್ಲಿ ಕೆರೊಲಿನಾ ಪ್ಯಾಂಥರ್ಸ್ ಹೀಗೇ ಮಾಡಿಕೊಂಡಿತು. ಹಿಂದಿನ ವರ್ಷ ಅದರ ಗೆಲುವು 7, ಸೋಲು 10. 9ನೇ ಜಾಗದಿಂದ 1ನೇ ಜಾಗಕ್ಕೆ ಬರಲು ಷಿಕಾಗೊ ಬೇರ್ಸ್‌ಗೆ 9ನೇ ಪಿಕ್, 61ನೇ ಪಿಕ್, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು ಕೊಟ್ಟಿತು. ಅದೂ ಸಾಲದೆ ತನ್ನ ಅತ್ಯುತ್ತಮ ವೈಡ್ ರಿಸೀವರ್ ಡಿ.ಜೆ. ಮೂರ್‌ನನ್ನೂ ಕಳಿಸಿತು. ಬ್ರೈಸ್ ಯಂಗ್ ಬಂದ. ಚೆಂಡು ಎಸೆಯುವವನನ್ನು ತಂದು ಹಿಡಿಯುವವನನ್ನು ಮಾರಿದರೆ ಹುಡುಗ ಯಾರಿಗೆ ಎಸೆಯಬೇಕು? ಆ ವರ್ಷ 17 ಪಂದ್ಯದಲ್ಲಿ ಗೆದ್ದದ್ದು 2. ಲೀಗಿನಲ್ಲೇ ಕೊನೆ. ಆದ್ದರಿಂದ ಕೊಟ್ಟ ‘ಮುಂದಿನ ವರ್ಷದ ಪಿಕ್’ 2024ರ ಡ್ರಾಫ್ಟ್‌ನ ಮೊಟ್ಟಮೊದಲ ಪಿಕ್ ಆಯಿತು. ಅದರಲ್ಲಿ ಬೇರ್ಸ್ ಕ್ಯಾಲೆಬ್ ವಿಲಿಯಮ್ಸ್‌ನನ್ನು ಆರಿಸಿಕೊಂಡಿತು. ಒಂದು ಮೊದಲ ಪಿಕ್ ಕೊಳ್ಳಲು ಪ್ಯಾಂಥರ್ಸ್ ಇನ್ನೊಂದು ಮೊದಲ ಪಿಕ್ಕನ್ನೇ ಕೊಟ್ಟ ಹಾಗಾಯಿತು, ಮಿಕ್ಕಿದ್ದೆಲ್ಲ ಅದರ ಮೇಲಿನ ಬಡ್ಡಿ.

ಬಡ್ಡಿ ಎಂದದ್ದು ಸುಮ್ಮನೆ ಅಲ್ಲ. ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು) ಡ್ರಾಫ್ಟ್ ವ್ಯವಹಾರಗಳನ್ನು ಕೂಡಿಸಿ ನೋಡಿ, ತಂಡಗಳು ಭವಿಷ್ಯದ ಪಿಕ್‌ಗಳನ್ನು ವರ್ಷಕ್ಕೆ ನೂರಕ್ಕೆ 136ರ ದರದಲ್ಲಿ ಕಡಿಮೆ ಅಂದಾಜು ಮಾಡುತ್ತಿವೆ ಎಂದು ಕಂಡುಕೊಂಡರು. ನಮ್ಮೂರ ಕಡೆ ಮೀಟರ್ ಬಡ್ಡಿ ಅನ್ನುತ್ತೇವಲ್ಲ, ಆ ಸಾಲ ಕೊಡುವವರೂ ಇದರ ಮುಂದೆ ಸಭ್ಯಸ್ಥರು.

ಈಗ ಚೀಫ್ಸ್ ಕಡೆ ತಿರುಗಿ. 2016ರಲ್ಲಿ 12 ಪಂದ್ಯ ಗೆದ್ದಿದ್ದ ತಂಡ. ಆಡಲು ಅಲೆಕ್ಸ್ ಸ್ಮಿತ್ ಎಂಬ ನೆಚ್ಚಬಹುದಾದ ಕ್ವಾರ್ಟರ್‌ಬ್ಯಾಕ್ ಇದ್ದ. ಮಹೋಮ್ಸ್ ಮೊದಲ ವರ್ಷ ಬಹುಪಾಲು ಬೆಂಚಿನ ಮೇಲೆ ಕೂತು ಕಲಿತ. ಅವನು ಆಡಲಿ ಬಿಡಲಿ, 2018ರ ಅವರ ಪಿಕ್ ತೀರಾ ಮೇಲೆ ಬರುವಂತಿರಲಿಲ್ಲ, ಬಂದದ್ದು 22ನೆಯದು. ಇಬ್ಬರೂ ‘ಮುಂದಿನ ವರ್ಷದ ಮೊದಲ ಸುತ್ತು’ ಕೊಟ್ಟರು ಎಂದು ಬರೆದರೆ ಒಂದೇ ಥರ ಕಾಣುತ್ತದೆ, ಆದರೆ ಒಬ್ಬರು ಕೊಟ್ಟದ್ದು 22ನೇ ಪಿಕ್, ಇನ್ನೊಬ್ಬರು ಕೊಟ್ಟದ್ದು 1ನೇ ಪಿಕ್. ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಸೋಲುವ ತಂಡ ಮುಂದಿನ ವರ್ಷದ ಮೊದಲ ಸುತ್ತನ್ನು ಮುಟ್ಟಲೇಬಾರದು. ಗೆಲ್ಲುವ ತಂಡ ಬೇಕಾದರೆ ಯೋಚಿಸಲಿ.

ಒಂದೇ ಒಂದು ಸ್ಥಾನ ಮೇಲೆ ಹೋಗೋಕೆ ಮೂರ್ನಾಲ್ಕು ಪಿಕ್ ಕೊಡೋದು ಹುಚ್ಚಲ್ವಾ?

ಕೊಳ್ಳುವುದು ಆ ಒಂದು ಸ್ಥಾನವನ್ನಲ್ಲ, ‘ಬೇರೆಯವರು ನನ್ನ ತಲೆ ಮೇಲಿಂದ ಜಿಗಿದು ಬಂದು ಹೊತ್ತೊಯ್ಯುತ್ತಾರೆ’ ಎಂಬ ಭಯಕ್ಕೆ ಮದ್ದನ್ನು. ಮಾರುವವನು ಆ ಭಯಕ್ಕೆ ಗಾಳಿ ಹಾಕುತ್ತಾನೆ. ‘ಇನ್ನೆರಡು ತಂಡ ಫೋನ್ ಮಾಡಿವೆ’ ಎಂಬ ಮಾತಿಗೆ ಸಾಕ್ಷಿ ಕೇಳುವ ಹಾಗಿಲ್ಲ.

2012ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ 4ರಿಂದ 3ಕ್ಕೆ ಹೋಗಲು ಮಿನೆಸೋಟ ವೈಕಿಂಗ್ಸ್‌ಗೆ ಮೂರು ಕೆಳಸುತ್ತಿನ ಪಿಕ್ ಕೊಟ್ಟು ಟ್ರೆಂಟ್ ರಿಚರ್ಡ್‌ಸನ್ ಎಂಬ ರನ್ನಿಂಗ್ ಬ್ಯಾಕ್‌ನನ್ನು (ಚೆಂಡು ಹಿಡಿದು ಓಡುವವನು) ತಂದಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವನನ್ನು ಇಂಡಿಯಾನಾಪೊಲಿಸ್‌ಗೆ ಸಾಗಹಾಕಿತು. 2017ರಲ್ಲಿ ಬೇರ್ಸ್ 3ರಿಂದ 2ಕ್ಕೆ ಹೋಗಲು ಎರಡು ಮೂರನೇ ಸುತ್ತು, ಒಂದು ನಾಲ್ಕನೇ ಸುತ್ತು ಕೊಟ್ಟು ಮಿಚೆಲ್ ಟ್ರುಬಿಸ್ಕಿಯನ್ನು ಆರಿಸಿತು. ಕಾಲೇಜಿನಲ್ಲಿ ಅವನು ಶುರುವಿನಿಂದ ಆಡಿದ್ದು 13 ಪಂದ್ಯ. ಮಹೋಮ್ಸ್ ಆಗಿನ್ನೂ ಉಳಿದಿದ್ದ. ಹಾಗೆಂದು ಬೆಲೆಯನ್ನಷ್ಟೇ ನೋಡಿದರೆ ಇವು ದೊಡ್ಡ ಪಾಪಗಳೇನಲ್ಲ. ಬೇರ್ಸ್‌ನ ಎಡವಟ್ಟು ಇದ್ದದ್ದು ಆರಿಸಿದ ಹೆಸರಿನಲ್ಲಿ, ಕೊಟ್ಟ ಪಿಕ್‌ಗಳಲ್ಲಲ್ಲ. ಮುಂದಿನ ವರ್ಷದ ಮೊದಲ ಸುತ್ತು ಕೈಬಿಡದ ಜಿಗಿತಕ್ಕೆ ನಾನು ಅಷ್ಟಾಗಿ ಹುಬ್ಬು ಗಂಟಿಕ್ಕುವುದಿಲ್ಲ.

ಮಾತುಕತೆ ಮುಗಿಯೋದ್ರೊಳಗೆ ಗಡಿಯಾರ ನಿಂತ್ರೆ ಏನಾಗುತ್ತೆ?

ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೂ ಸಮಯದ ಮಿತಿ ಇದೆ. 2025ರಲ್ಲಿ ಅದು 10 ನಿಮಿಷ ಇತ್ತು, ಹಿಂದೆ 15. ಅದರೊಳಗೆ ಎರಡೂ ತಂಡ ಲೀಗ್‌ಗೆ ಬೇರೆ ಬೇರೆಯಾಗಿ ಫೋನ್ ಮಾಡಿ ‘ಹೌದು, ಒಪ್ಪಿದ್ದೇವೆ’ ಎಂದು ಹೇಳಬೇಕು. ಒಬ್ಬರು ಹೇಳಿ ಇನ್ನೊಬ್ಬರು ಹೇಳದಿದ್ದರೆ ವ್ಯವಹಾರ ಆಗಿಲ್ಲ.

2003ರಲ್ಲಿ ಇದು ಕಣ್ಣೆದುರಿಗೇ ನಡೆಯಿತು. 7ನೇ ಪಿಕ್ ವೈಕಿಂಗ್ಸ್‌ದು. ಬಾಲ್ಟಿಮೋರ್ ರೇವನ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಬೈರನ್ ಲೆಫ್ಟ್‌ವಿಚ್ ಬೇಕಾಗಿತ್ತು. ಮಾತು ಆಗಿದೆ ಎಂದು ವೈಕಿಂಗ್ಸ್ ತಿಳಿದಿತ್ತು, ಆದರೆ ರೇವನ್ಸ್ ಕಡೆಯಿಂದ ಲೀಗ್‌ಗೆ ಖಚಿತ ಮಾತು ಹೋಗಲಿಲ್ಲ. ಗಡಿಯಾರ ಸೊನ್ನೆಗೆ ಬಂತು. ನಿಯಮದ ಪ್ರಕಾರ ಹಿಂದಿನವರು ಮುಂದೆ ನುಗ್ಗಬಹುದು. ಜಾಕ್ಸನ್‌ವಿಲ್ ತಕ್ಷಣ ಲೆಫ್ಟ್‌ವಿಚ್ ಹೆಸರಿನ ಚೀಟಿ ಕೊಟ್ಟೇಬಿಟ್ಟಿತು, ಹಿಂದೆಯೇ ಕೆರೊಲಿನಾ ಜಾರ್ಡನ್ ಗ್ರಾಸ್ ಹೆಸರನ್ನು ಕೊಟ್ಟಿತು. ವೈಕಿಂಗ್ಸ್ ಅವಸರವಸರವಾಗಿ 9ನೆಯವನಾಗಿ ಕೆವಿನ್ ವಿಲಿಯಮ್ಸ್‌ನನ್ನು ಆರಿಸಿತು. ಮಜಾ ಏನೆಂದರೆ ಆ ಕೆವಿನ್ ವಿಲಿಯಮ್ಸ್ ವರ್ಷಗಟ್ಟಲೆ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರರಲ್ಲಿ ಒಬ್ಬನಾಗಿದ್ದ. ರೇವನ್ಸ್ ಆಮೇಲೆ 2004ರ ಮೊದಲ ಸುತ್ತನ್ನೂ ಕೊಟ್ಟು 19ನೇ ಜಾಗಕ್ಕೆ ಜಿಗಿದು ಕೈಲ್ ಬೋಲರ್‌ನನ್ನು ತಂದಿತು. ಅವನಿಂದ ಆಗಬೇಕಾದ್ದು ಆಗಲಿಲ್ಲ.

## ಮಾಡಬೇಕೋ ಬೇಡವೋ

‘ಈ ಹುಡುಗ ನೂರಕ್ಕೆ ನೂರು’ ಅಂತ ಎಲ್ಲ ಪಂಡಿತರೂ ಹೇಳ್ತಿದಾರಲ್ಲ, ಇನ್ಯಾಕೆ ಅನುಮಾನ?

1998ರಲ್ಲಿ ಪೇಟನ್ ಮ್ಯಾನಿಂಗ್ ಮೇಲೋ ರಯಾನ್ ಲೀಫ್ ಮೇಲೋ ಎಂದು ನಿಜವಾಗಿಯೂ ವಾದ ನಡೆದಿತ್ತು. ಇಬ್ಬರಲ್ಲಿ ಒಬ್ಬನಾದರೂ ಸಿಗಲಿ ಎಂದು ಸ್ಯಾನ್ ಡಿಯೇಗೊ ಚಾರ್ಜರ್ಸ್ 3ರಿಂದ 2ಕ್ಕೆ ಹೋಗಲು ಎರಡನೇ ಸುತ್ತಿನ ಪಿಕ್, ಮರುವರ್ಷದ ಮೊದಲ ಸುತ್ತು ಮತ್ತು ಇಬ್ಬರು ಆಟಗಾರರನ್ನು ಅರಿಜೋನಾಗೆ ಕೊಟ್ಟಿತು. ಸಿಕ್ಕಿದ್ದು ಲೀಫ್. ಅವನು ವೃತ್ತಿಜೀವನದಲ್ಲಿ ಶುರುವಿನಿಂದ ಆಡಿದ 21 ಪಂದ್ಯಗಳಲ್ಲಿ ಗೆದ್ದದ್ದು 4.

ಪಂಡಿತರು ದಡ್ಡರೆಂದಲ್ಲ. ಕಾಲೇಜು ಆಟದಲ್ಲಿ ಎದುರಾಳಿಗಳ ವೇಗ ಕಡಿಮೆ, ಚೆಂಡು ಎಸೆಯಲು ಸಿಗುವ ಸಮಯ ಹೆಚ್ಚು, ಒಳ್ಳೆಯ ಕಾಲೇಜಿನ ಹುಡುಗನಿಗೆ ಸುತ್ತಲೂ ಒಳ್ಳೆಯ ಜೊತೆಗಾರರು. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ‘ಕಂಬೈನ್’ ಎಂಬ ಪರೀಕ್ಷೆಯಲ್ಲಿ 40 ಗಜ ಓಡಿಸಿ, ಎತ್ತರ ತೂಕ ಅಳೆದು, ಸಂದರ್ಶನ ಮಾಡುತ್ತಾರೆ ನಿಜ. ಆದರೆ ಇಬ್ಬರು ದಾಂಡಿಗರು ಮೈಮೇಲೆ ಬೀಳುತ್ತಿರುವಾಗ ಇವನ ಕಣ್ಣು ಎಲ್ಲಿ ನೋಡುತ್ತದೆ ಎಂಬುದು ಅಲ್ಲಿ ಗೊತ್ತಾಗುವುದಿಲ್ಲ.

ಮ್ಯಾಸಿ, ಥೇಲರ್ ಇನ್ನೊಂದು ಲೆಕ್ಕವನ್ನೂ ಮಾಡಿದ್ದರು. ಒಂದೇ ಸ್ಥಾನದ ಇಬ್ಬರು ಆಟಗಾರರು ಡ್ರಾಫ್ಟ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಆಯ್ಕೆಯಾದರೆ, ಮೊದಲು ಹೋದವನು ಎರಡನೆಯವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ಎಷ್ಟು? ಸುಮಾರು ನೂರಕ್ಕೆ 52. ಟಾಸ್ ಹಾಕಿದ್ದಕ್ಕಿಂತ ಕೂದಲೆಳೆ ಮೇಲು. ಹುಡುಗ ಒಳ್ಳೆಯವನೇ ಇರಬಹುದು. ಅವನಿಗಾಗಿ ಜಿಗಿಯದೆ ಕೂತಿದ್ದರೆ ಸಿಗುತ್ತಿದ್ದವನಿಗಿಂತ ಎಷ್ಟು ಒಳ್ಳೆಯವನು ಎಂದು ಕೇಳಿಕೊಳ್ಳಬೇಕು, ಆ ಅಂತರಕ್ಕೆ ಮಾತ್ರ ಬೆಲೆ ಕಟ್ಟಬೇಕು.

ಮಹೋಮ್ಸ್ ಸಿಕ್ಕಿದ್ದೂ ಟ್ರೇಡ್ ಅಪ್‌ನಿಂದಲೇ ತಾನೆ? ಮತ್ತೆ ಯಾಕೆ ಬೈತೀರಿ?

ಬೈಯುತ್ತಿಲ್ಲ. ಈ ತಲೆಮಾರಿನ ಮೂವರು ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳು ಜಿಗಿತದಿಂದಲೇ ಬಂದವರು. ಮಹೋಮ್ಸ್ 10ನೆಯವನು. 2018ರಲ್ಲಿ ಬಫಲೋ ಬಿಲ್ಸ್ 12ರಿಂದ 7ಕ್ಕೆ ಹೋಗಿ ಜಾಷ್ ಆಲೆನ್‌ನನ್ನು ತಂದಿತು, ಮುಖ್ಯವಾಗಿ ಕೊಟ್ಟದ್ದು ಅದೇ ವರ್ಷದ ಎರಡು ಎರಡನೇ ಸುತ್ತಿನ ಪಿಕ್. ಅದೇ ರಾತ್ರಿ ರೇವನ್ಸ್ ಮೊದಲ ಸುತ್ತಿನ ಕಟ್ಟಕಡೆಯ 32ನೇ ಜಾಗಕ್ಕೆ ಬಂದು ಲ್ಯಾಮಾರ್ ಜ್ಯಾಕ್ಸನ್‌ನನ್ನು ಹಿಡಿಯಿತು. ಬೆಲೆ ಮುಖ್ಯವಾಗಿ ಆ ವರ್ಷದ ಮತ್ತು ಮರುವರ್ಷದ ಎರಡನೇ ಸುತ್ತು. ಮೂವರೂ ಲೀಗಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಪಡೆದರು.

ಈ ಮೂರು ತಂಡಗಳೂ ಹಿಂದಿನ ವರ್ಷ ಸೋತದ್ದಕ್ಕಿಂತ ಗೆದ್ದದ್ದೇ ಹೆಚ್ಚು. ಯಾರೂ ಮೊದಲ ಮೂರು ಸ್ಥಾನಕ್ಕೆ ಆಸೆಪಡಲಿಲ್ಲ. ಆಲೆನ್‌ಗೂ ಜ್ಯಾಕ್ಸನ್‌ಗೂ ಮರುವರ್ಷದ ಮೊದಲ ಸುತ್ತು ಹೋಗಲಿಲ್ಲ. ಬೇರೆಯವರು ಅನುಮಾನಪಟ್ಟು ಬಿಟ್ಟವರನ್ನು ಇವರು ಹಿಡಿದರು: ಮಹೋಮ್ಸ್ ಆಟ ಶಿಸ್ತಿಲ್ಲದ್ದು ಎಂದರು, ಆಲೆನ್ ಗುರಿ ತಪ್ಪುತ್ತದೆ ಎಂದರು, ಜ್ಯಾಕ್ಸನ್ ರಿಸೀವರ್ ಆಗಲಿ ಎಂದರು. ಎಲ್ಲರೂ ಒಪ್ಪಿದವನಿಗೆ ಬೆಲೆ ಎಲ್ಲರೂ ಸೇರಿ ಏರಿಸುತ್ತಾರೆ. ಎಲ್ಲರೂ ಅನುಮಾನಿಸಿದವನ ಬಗ್ಗೆ ನಿಮಗೆ ಮಾತ್ರ ಗೊತ್ತಿರುವುದೇನಾದರೂ ಇದ್ದರೆ ಆಗ ಜಿಗಿತಕ್ಕೆ ಅರ್ಥ.

ಕ್ವಾರ್ಟರ್‌ಬ್ಯಾಕ್ ಅಲ್ಲದವನಿಗೋಸ್ಕರ ಜಿಗಿಯಬಹುದಾ?

ಚಿಕ್ಕ ಜಿಗಿತವಾದರೆ ಧಾರಾಳವಾಗಿ. 1990ರಲ್ಲಿ ಡಲ್ಲಾಸ್ ಒಂದು ಮೂರನೇ ಸುತ್ತಿನ ಪಿಕ್ ಕೊಟ್ಟು 21ರಿಂದ 17ಕ್ಕೆ ಬಂದು ಎಮಿಟ್ ಸ್ಮಿತ್‌ನನ್ನು ತಂದಿತು. ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ಗಜ ಓಡಿದವನು ಅವನು. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 28ರಿಂದ 16ಕ್ಕೆ ಬಂದು ಜೆರ್ರಿ ರೈಸ್‌ನನ್ನು ಹಿಡಿಯಿತು.

ದೊಡ್ಡ ಜಿಗಿತಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. 2014ರಲ್ಲಿ ಬಿಲ್ಸ್ 9ರಿಂದ 4ಕ್ಕೆ ಹೋಗಿ ರಿಸೀವರ್ ಸ್ಯಾಮಿ ವಾಟ್ಕಿನ್ಸ್‌ನನ್ನು ತಂದಿತು, ಕೊಟ್ಟದ್ದು ಮರುವರ್ಷದ ಮೊದಲ ಮತ್ತು ನಾಲ್ಕನೇ ಸುತ್ತು. ಅದೇ ಡ್ರಾಫ್ಟ್‌ನಲ್ಲಿ ಮೈಕ್ ಇವಾನ್ಸ್ 7ನೆಯವನಾಗಿ, ಓಡೆಲ್ ಬೆಕಮ್ ಜೂನಿಯರ್ 12ನೆಯವನಾಗಿ ಹೋದರು. ಬಿಲ್ಸ್ 9ರಲ್ಲೇ ಕೂತಿದ್ದರೆ ಬೆಕಮ್ ಪುಕ್ಕಟೆ ಸಿಗುತ್ತಿದ್ದ.

ಇನ್ನು ನ್ಯೂ ಆರ್ಲಿಯನ್ಸ್ ಕೋಚ್ ಮೈಕ್ ಡಿಟ್ಕಾ ಕಥೆ. 1999ರಲ್ಲಿ ರಿಕಿ ವಿಲಿಯಮ್ಸ್ ಎಂಬ ರನ್ನಿಂಗ್ ಬ್ಯಾಕ್ ಒಬ್ಬನಿಗಾಗಿ ಆ ವರ್ಷದ ತನ್ನೆಲ್ಲ ಪಿಕ್‌ಗಳನ್ನೂ, ಮರುವರ್ಷದ ಮೊದಲ ಮತ್ತು ಮೂರನೇ ಸುತ್ತನ್ನೂ ವಾಷಿಂಗ್ಟನ್‌ಗೆ ಕೊಟ್ಟ. ಅಷ್ಟೇ ಅಲ್ಲ, ಒಂದು ಪತ್ರಿಕೆಯ ಮುಖಪುಟಕ್ಕೆ ಡಿಟ್ಕಾ ವರನಂತೆ ಸೂಟು ತೊಟ್ಟು, ರಿಕಿ ಮದುಮಗಳ ಬಿಳಿ ಗೌನು ತೊಟ್ಟು ಫೋಟೊ ತೆಗೆಸಿಕೊಂಡರು. ತಂಡ 3 ಪಂದ್ಯ ಗೆದ್ದಿತು, ಡಿಟ್ಕಾ ಕೆಲಸ ಹೋಯಿತು, ಕೊಟ್ಟ ಮರುವರ್ಷದ ಮೊದಲ ಸುತ್ತು 2ನೇ ಪಿಕ್ ಆಗಿ ವಾಷಿಂಗ್ಟನ್‌ಗೆ ಲಾವಾರ್ ಆರಿಂಗ್ಟನ್ ಸಿಕ್ಕಿದ. ಚೆಂಡು ಒದೆಯುವುದಷ್ಟೇ ಕೆಲಸವಾದ ಕಿಕ್ಕರ್‌ಗೋಸ್ಕರ ಜಿಗಿದವರೂ ಇದ್ದಾರೆ. 2016ರಲ್ಲಿ ಟ್ಯಾಂಪಾ ಬೇ ಎರಡನೇ ಸುತ್ತಿಗೆ ಏರಿ ರೊಬರ್ಟೊ ಅಗ್ವಾಯೊನನ್ನು ತಂದು ಮರುವರ್ಷವೇ ಮನೆಗೆ ಕಳಿಸಿತು. ಅದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ದೊಡ್ಡ ಜಿಗಿತ ಬೇಡ ಎಂಬ ಮಾತಿಗೊಂದು ಅಪವಾದ 2023ರ ಹ್ಯೂಸ್ಟನ್. 2ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್‌ನನ್ನು ಆರಿಸಿ, ಮರುವರ್ಷದ ಮೊದಲ ಸುತ್ತನ್ನೂ ಸೇರಿಸಿ ಕೊಟ್ಟು 12ರಿಂದ 3ಕ್ಕೆ ಜಿಗಿದು ವಿಲ್ ಆಂಡರ್ಸನ್ ಜೂನಿಯರ್‌ನನ್ನೂ ತಂದಿತು. ಆ ವರ್ಷದ ದಾಳಿ, ರಕ್ಷಣೆ ಎರಡೂ ವಿಭಾಗದ ಅತ್ಯುತ್ತಮ ಹೊಸಬ ಪ್ರಶಸ್ತಿ ಇವರಿಬ್ಬರಿಗೇ ಬಂತು. ಸ್ಟ್ರೌಡ್ ಗೆಲ್ಲಿಸಿದ್ದರಿಂದ ಕೊಟ್ಟ ಪಿಕ್ ಕೆಳಗಿಳಿಯಿತು. ಸ್ಟ್ರೌಡ್ ಎಡವಿದ್ದರೆ ಈ ಕಥೆಯನ್ನು ಪ್ಯಾಂಥರ್ಸ್ ಪಕ್ಕದಲ್ಲೇ ಹೇಳಬೇಕಾಗುತ್ತಿತ್ತು. 2025ರಲ್ಲಿ ಜಾಕ್ಸನ್‌ವಿಲ್ ಕೂಡ ಮರುವರ್ಷದ ಮೊದಲ ಸುತ್ತು ಕೊಟ್ಟು 5ರಿಂದ 2ಕ್ಕೆ ಹೋಗಿ, ದಾಳಿಯಲ್ಲೂ ರಕ್ಷಣೆಯಲ್ಲೂ ಆಡುವ ಟ್ರಾವಿಸ್ ಹಂಟರ್‌ನನ್ನು ತಂದಿತು. ಅವನು ಮೊದಲ ವರ್ಷ 7 ಪಂದ್ಯ ಆಡಿ ಮಂಡಿಗೆ ಪೆಟ್ಟಾಗಿ ಕೂತ.

ಪಿಕ್ ಗುಡ್ಡೆ ಹಾಕ್ಕೊಂಡ ತಂಡಾನಾದ್ರೂ ಗೆಲ್ಲುತ್ತಾ?

ಗೆಲ್ಲಲೇಬೇಕೆಂದೇನೂ ಇಲ್ಲ. ಜಿಗಿಯಬೇಡಿ ಎನ್ನುವವರು ಈ ಭಾಗವನ್ನು ಮರೆಮಾಚುತ್ತಾರೆ.

2012ರಲ್ಲಿ ವಾಷಿಂಗ್ಟನ್ 6ರಿಂದ 2ಕ್ಕೆ ಹೋಗಲು ರ‍್ಯಾಮ್ಸ್‌ಗೆ ಆ ವರ್ಷದ ಎರಡನೇ ಸುತ್ತು, 2013 ಮತ್ತು 2014ರ ಮೊದಲ ಸುತ್ತು ಕೊಟ್ಟು ರಾಬರ್ಟ್ ಗ್ರಿಫಿನ್‌ನನ್ನು ತಂದಿತು. ಮೊದಲ ವರ್ಷ ಅವನು ಮಿಂಚಿದ, 2013ರ ಜನವರಿಯ ಪ್ಲೇಆಫ್‌ನಲ್ಲಿ ಮಂಡಿ ಹೋಯಿತು, ಆಮೇಲೆ ಆ ಆಟ ಮರಳಲಿಲ್ಲ. 2014ರ ಡಿಸೆಂಬರ್‌ನಲ್ಲಿ ಎರಡೂ ತಂಡ ಎದುರಾದವು. ಟಾಸ್‌ಗೆ ರ‍್ಯಾಮ್ಸ್ ಕೋಚ್ ಜೆಫ್ ಫಿಷರ್ ಕ್ಯಾಪ್ಟನ್‌ಗಳಾಗಿ ಕಳಿಸಿದ್ದು ಆ ವ್ಯವಹಾರದಿಂದ ಬಂದ ಆರು ಹುಡುಗರನ್ನು. ಮೈದಾನದ ಮಧ್ಯೆ ಆರೂ ಜನ ಸಾಲಾಗಿ ನಡೆದು ಬಂದರು, ವಾಷಿಂಗ್ಟನ್ನಿನವರು ನೋಡುತ್ತಾ ನಿಂತರು. ಪಂದ್ಯವನ್ನು ರ‍್ಯಾಮ್ಸ್ 24–0ರಿಂದ ಗೆದ್ದಿತು.

ಚಪ್ಪಾಳೆ ಹೊಡೆಯುವ ಮುನ್ನ ನೋಡಿ: ಆ ಆರು ಜನ ಇದ್ದ ರ‍್ಯಾಮ್ಸ್ ಆ ವರ್ಷಗಳಲ್ಲಿ ಒಮ್ಮೆಯೂ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ. ವಾಷಿಂಗ್ಟನ್ ಕೊಟ್ಟ 2014ರ 2ನೇ ಪಿಕ್‌ನಲ್ಲಿ ಬಂದ ಗ್ರೆಗ್ ರಾಬಿನ್ಸನ್ ನಿರೀಕ್ಷೆ ಮುಟ್ಟಲಿಲ್ಲ. ವಾಷಿಂಗ್ಟನ್ ಅದೇ 2012ರ ನಾಲ್ಕನೇ ಸುತ್ತಿನಲ್ಲಿ ತಂದಿದ್ದ ಕರ್ಕ್ ಕಸಿನ್ಸ್‌ನಿಂದ ವರ್ಷಗಟ್ಟಲೆ ಕೆಲಸ ತೆಗೆಸಿತು. 2011ರಲ್ಲಿ ಅಟ್ಲಾಂಟಾ 27ರಿಂದ 6ಕ್ಕೆ ಜಿಗಿದು ಹುಲಿಯೊ ಜೋನ್ಸ್‌ನನ್ನು ತಂದಾಗ ಐದು ಪಿಕ್ ಸಿಕ್ಕಿದ್ದು ಬ್ರೌನ್ಸ್‌ಗೆ. ಅದರಲ್ಲಿ ಒಂದನ್ನು 28 ವರ್ಷದ ಕ್ವಾರ್ಟರ್‌ಬ್ಯಾಕ್ ಬ್ರ್ಯಾಂಡನ್ ವೀಡನ್ ಮೇಲೆ ಸುರಿದರು. ಹೆಚ್ಚು ಪಿಕ್ ಇದ್ದರೆ ಹೆಚ್ಚು ಪ್ರಯತ್ನ ಸಿಗುತ್ತದೆ, ಆರಿಸುವ ಕಣ್ಣು ಸಿಗುವುದಿಲ್ಲ.

## ಇನ್ನೂ ಸ್ವಲ್ಪ ಆಳಕ್ಕೆ

ಸ್ಯಾನ್ ಫ್ರಾನ್ಸಿಸ್ಕೊ ಟ್ರೇ ಲ್ಯಾನ್ಸ್ ಮೇಲೆ ಅಷ್ಟೆಲ್ಲ ಸುಟ್ಕೊಂಡೂ ಸೂಪರ್ ಬೌಲ್‌ಗೆ ಹೋಯ್ತಲ್ಲ?

ಹೋಯಿತು, ಆದರೆ ಕ್ವಾರ್ಟರ್‌ಬ್ಯಾಕ್ ಲ್ಯಾನ್ಸ್ ಇಲ್ಲದೆ. 2021ರಲ್ಲಿ 12ನೇ ಪಿಕ್, 2022 ಮತ್ತು 2023ರ ಮೊದಲ ಸುತ್ತು, ಒಂದು ಮೂರನೇ ಸುತ್ತು ಮಯಾಮಿಗೆ ಕೊಟ್ಟು 3ಕ್ಕೆ ಬಂದರು. ಲ್ಯಾನ್ಸ್ ಕಾಲೇಜಿನಲ್ಲಿ ಶುರುವಿನಿಂದ ಆಡಿದ್ದು 17 ಪಂದ್ಯ, 2020ರಲ್ಲಿ ಕೋವಿಡ್‌ನಿಂದಾಗಿ ಒಂದೇ ಒಂದು. ಸ್ಯಾನ್ ಫ್ರಾನ್ಸಿಸ್ಕೊಗೆ ಶುರುವಿನಿಂದ ಆಡಿದ್ದು ನಾಲ್ಕು. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಪಿಕ್‌ಗೆ ಡಲ್ಲಾಸ್‌ಗೆ ಹೋದ. ಅವನ ಜಾಗ ತುಂಬಿದ್ದು 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಪಿಕ್ ಬ್ರಾಕ್ ಪರ್ಡಿ. ಅವನ ಜೊತೆ 2024ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಮುಟ್ಟಿದರು.

ಉಳಿದ ತಂಡ ಗಟ್ಟಿಯಿದ್ದರೆ ದೊಡ್ಡ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳಬಹುದು ಎಂಬುದಕ್ಕೆ ಇದು ಸಾಕ್ಷಿ. ಜಿಗಿತ ಸರಿಯಿತ್ತು ಎಂಬುದಕ್ಕಲ್ಲ. 262ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಸಿಗುತ್ತಾನೆಂದು ನೆಚ್ಚಿಕೊಂಡು ಯೋಜನೆ ಮಾಡಲೂ ಆಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ರೂ ಜನರಲ್ ಮ್ಯಾನೇಜರ್‌ಗಳು ಅದನ್ನೇ ಯಾಕೆ ಮಾಡ್ತಾರೆ?

ಆಟಗಾರರ ಆಯ್ಕೆ, ವ್ಯವಹಾರದ ಹೊಣೆ ಹೊತ್ತವರು ಈ ಜನರಲ್ ಮ್ಯಾನೇಜರ್‌ಗಳು. ಅವರು ಕೊಡುತ್ತಿರುವುದು ಯಾರ ಪಿಕ್ ಎಂದು ನೋಡಿ. ಎರಡು ವರ್ಷದ ನಂತರ ಆ ಕುರ್ಚಿಯಲ್ಲಿ ಬೇರೊಬ್ಬ ಕೂತಿರುತ್ತಾನೆ. ಬೇರ್ಸ್‌ನ ರಯಾನ್ ಪೇಸ್ 2017ರಲ್ಲಿ ಟ್ರುಬಿಸ್ಕಿಗಾಗಿ ಜಿಗಿದ. 2021ರಲ್ಲಿ ಮರುವರ್ಷದ ಮೊದಲ ಸುತ್ತು ಕೊಟ್ಟು 20ರಿಂದ 11ಕ್ಕೆ ಬಂದು ಜಸ್ಟಿನ್ ಫೀಲ್ಡ್ಸ್‌ನನ್ನು ತಂದ. 2022ರ ಜನವರಿಯಲ್ಲಿ ಕೆಲಸ ಹೋಯಿತು. ಅವನು ಕೊಟ್ಟಿದ್ದ ಪಿಕ್ 7ನೆಯದಾಗಿ ನ್ಯೂಯಾರ್ಕ್ ಜೈಂಟ್ಸ್‌ಗೆ ಹೋದಾಗ ಕೈ ಹಿಸುಕಿಕೊಂಡದ್ದು ಅವನ ನಂತರ ಬಂದವನು. ಪ್ಯಾಂಥರ್ಸ್ ಕಥೆಯೂ ಅದೇ: ಯಂಗ್ ಬಂದ ವರ್ಷದಲ್ಲೇ ಕೋಚ್ ಫ್ರ್ಯಾಂಕ್ ರೈಕ್ 11 ಪಂದ್ಯಕ್ಕೆ ಮನೆಗೆ, ಜನವರಿಯಲ್ಲಿ ಮ್ಯಾನೇಜರ್ ಸ್ಕಾಟ್ ಫಿಟರರ್ ಕೂಡ.

ಮಾಲೀಕರ ಒತ್ತಡ, ಅಭಿಮಾನಿಗಳ ಗಲಾಟೆ ಇರುತ್ತದೆ, ನಿಜ. ಆದರೂ ನನ್ನ ಪ್ರಕಾರ ಮೂಲ ಇದು: ಕ್ವಾರ್ಟರ್‌ಬ್ಯಾಕ್ ಇಲ್ಲದೆ ಸುಮ್ಮನೆ ಕೂತ ಮ್ಯಾನೇಜರ್‌ನ ಕೆಲಸ ಹೋಗುವುದು ಖಚಿತ, ಜಿಗಿದವನದು ಉಳಿಯಲೂಬಹುದು. ಅವನ ಮಟ್ಟಿಗೆ ಜಿಗಿತ ಜಾಣತನವೇ, ತಂಡದ ಮಟ್ಟಿಗೆ ಅಲ್ಲ. ಮಾಲೀಕ ಇದನ್ನು ತಡೆಯಬೇಕಾದರೆ ಮ್ಯಾನೇಜರ್‌ಗೆ ಕೂರುವ ಧೈರ್ಯ ಕೊಡಬೇಕು, ಅಂಥ ಮಾಲೀಕರು ಕಡಿಮೆ.

ನನ್ನ ತಂಡ 15ನೇ ಜಾಗದಲ್ಲಿದೆ, ಕ್ವಾರ್ಟರ್‌ಬ್ಯಾಕ್ ಇಲ್ಲ. ನೀವಾಗಿದ್ರೆ ಏನ್ ಮಾಡ್ತಿದ್ರಿ?

ಮೊದಲು ದಾಳಿಯ ಮುಂದಿನ ಸಾಲಿನ ಐವರನ್ನು ನೋಡುತ್ತಿದ್ದೆ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಅವರು. ಆ ಸಾಲು ತೂತಾಗಿದ್ದರೆ ಯಾರನ್ನು ತಂದರೂ ನೆಲ ಕಚ್ಚುತ್ತಾನೆ, ಆಗ ಜಿಗಿಯುವ ಮಾತೇ ಬೇಡ. ಸಾಲು ಗಟ್ಟಿಯಿದ್ದು, ಎಸೆದದ್ದನ್ನು ಹಿಡಿಯಲು ಇಬ್ಬರಾದರೂ ಇದ್ದರೆ, ಒಬ್ಬ ಅನುಭವಿಯನ್ನು ಒಂದೆರಡು ವರ್ಷಕ್ಕೆ ತಂದಿಟ್ಟುಕೊಂಡು 15ರಿಂದ 9 ಅಥವಾ 10ರವರೆಗೆ ಹೋಗಲು ಆ ವರ್ಷದ ಎರಡನೇ, ಮೂರನೇ ಸುತ್ತು ಕೊಡಲು ಸಿದ್ಧನಿರುತ್ತಿದ್ದೆ. ಮೊದಲ ಮೂರು ಸ್ಥಾನಕ್ಕೆ ಹೋಗುತ್ತಿರಲಿಲ್ಲ. ಮರುವರ್ಷದ ಮೊದಲ ಸುತ್ತು ಕೇಳಿದರೆ, ಮುಂದಿನ ಸಲ ನಾವು ಹತ್ತು ಪಂದ್ಯ ಗೆಲ್ಲುತ್ತೇವೆಂದು ಎದೆ ಮುಟ್ಟಿಕೊಂಡು ಹೇಳುವಂತಿದ್ದರೆ ಮಾತ್ರ ಕೊಡುತ್ತಿದ್ದೆ.

ಯಾರೂ ಬಗ್ಗದಿದ್ದರೆ 15ರಲ್ಲೇ ಕೂತು ಬಂದವನನ್ನು ನೋಡುವುದು. 2021ರಲ್ಲಿ ಮೇಲೆ ಹಲವು ತಂಡ ಜಿಗಿದಾಡುತ್ತಿದ್ದಾಗ ನ್ಯೂ ಇಂಗ್ಲೆಂಡ್ 15ರಲ್ಲೇ ಕೂತು ಮ್ಯಾಕ್ ಜೋನ್ಸ್‌ನನ್ನು ತಂದಿತು. ಅವನೂ ಕೊನೆಗೆ ಉಳಿಯಲಿಲ್ಲ. ಆದರೆ ಹೋದದ್ದು ಒಂದೇ ಪಿಕ್.

ಒಂದು ಟ್ರೇಡ್ ಸರಿನೋ ತಪ್ಪೋ ಅಂತ ಎಷ್ಟು ವರ್ಷಕ್ಕೆ ಹೇಳಬಹುದು?

ಕೊಟ್ಟ ಕೊನೆಯ ಪಿಕ್ ಆಟಗಾರನಾಗಿ ಎರಡು ವರ್ಷ ಆಡಿದ ಮೇಲೆ, ಅಂದರೆ ನಾಲ್ಕೈದು ವರ್ಷಕ್ಕೆ ಫಲಿತಾಂಶದ ಬಗ್ಗೆ ಹೇಳಬಹುದು. ತೀರ್ಮಾನದ ಬಗ್ಗೆ ಅದೇ ರಾತ್ರಿ ಹೇಳಬಹುದು, ಎರಡೂ ಬೇರೆ. 2016ರಲ್ಲಿ ರ‍್ಯಾಮ್ಸ್ 15ರಿಂದ 1ಕ್ಕೆ ಹೋಗಿ ಜೇರ‍್ಡ್ ಗಾಫ್‌ನನ್ನು ತಂದಾಗ ಬೆಲೆ ದುಬಾರಿ ಎಂದವರಲ್ಲಿ ನಾನೂ ಇದ್ದೆ, ಈಗಲೂ ಅದೇ ಮಾತು. ಆದರೆ ಗಾಫ್ ಅವರನ್ನು 2019ರ ಫೆಬ್ರುವರಿಯ ಸೂಪರ್ ಬೌಲ್‌ಗೆ ಕರೆದೊಯ್ದ. 2021ರಲ್ಲಿ ಅವನನ್ನೂ ಎರಡು ಮೊದಲ ಸುತ್ತನ್ನೂ ಡೆಟ್ರಾಯಿಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟಾಫರ್ಡ್‌ನನ್ನು ತಂದು ಅದೇ ಋತುವಿನ ಸೂಪರ್ ಬೌಲ್ ಗೆದ್ದರು. ಡೆಟ್ರಾಯಿಟ್ ಗಾಫ್ ಜೊತೆಯಲ್ಲೇ ಮೇಲೆ ಬಂತು. ಯಂಗ್‌ನ ವಿಷಯವೂ ಹಾಗೇ: 2024ರಲ್ಲಿ ಎರಡು ಪಂದ್ಯಕ್ಕೇ ಬೆಂಚಿಗೆ ಕಳಿಸಿದ ಪ್ಯಾಂಥರ್ಸ್ ಕೆಲವು ವಾರದಲ್ಲೇ ಮತ್ತೆ ಕರೆದು ಚೆಂಡು ಅವನ ಕೈಗೇ ಕೊಟ್ಟಿತು.